ಕಣ್ಣಿಗೆ ಹನಿ, ಕಾಲರಿಗೆ ಬೆಣ್ಣೆ

“ಏನ್ರಿ, ಆಗ್ಲಿಂದ ದುರುಗುಟ್ಟಿ ನೋಡ್ತಿದ್ದೀರಲ್ಲ, ಯಾಕ?”

ದೋಸೆ ತಿನ್ನುತ್ತಿದ್ದವರೊಬ್ಬರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟರು. ನಮ್ಮ ದಾವಣಗೆರೆಯ ಬೆಣ್ಣೆದೋಸೆ ಹೋಟೆಲುಗಳಲ್ಲಿ ಜಾಗ ಬೇಕೆಂದರೆ ತಿನ್ನುವವರ ಪಕ್ಕದಲ್ಲೇ ನಿಂತು ಕಾಯಬೇಕು. ಆದರೆ ಹಾಗೆ ನಿಂತವರು ಗೋಡೆಯನ್ನೋ ಫ್ಯಾನನ್ನೋ ನೋಡಬೇಕೇ ಹೊರತು ತಿನ್ನುವವರ ಮುಖವನ್ನಲ್ಲ. ನಾನು ಯಾವುದನ್ನೂ ನೋಡುತ್ತಿರಲಿಲ್ಲ. ಎದುರಿನ ಕಣ್ಣಿನ ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಎಂದಿದ್ದರು. ಕಣ್ಣು ಅಗಲಿಸಿಕೊಂಡು ನಿಂತ ನನಗೆ ಕಾಣುತ್ತಿದ್ದುದು ಒಂದು ಬಿಳಿ ಅಂಗಿ, ಅದರ ಮೇಲೊಂದು ಮಸುಕು, ಅಷ್ಟೇ.

ಅವರು ನನ್ನ ಕಾಲರಿಗೆ ಕೈ ಹಾಕಿದರು. ಬೆಣ್ಣೆಯ ಕೈ, ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು.

“ಅಣ್ಣಾ, ನೀವು ನನಗೆ ಕಾಣ್ತಾನೇ ಇಲ್ರಿ! ಕಣ್ಣಿಗೆ ಹನಿ ಹಾಕ್ಯಾರ!” ಎಂದು ಕೂಗಿದೆ.

ನನ್ನ ಕೆನ್ನೆ ಮೇಲೆ ಇಳಿದಿದ್ದ ಔಷಧಿ, ಕೈಯಲ್ಲಿದ್ದ ಹತ್ತಿ ಅವರಿಗೆ ಕಂಡಿದ್ದೇ ಆಗ. ಅಲ್ಲಿಯವರೆಗೆ ನನ್ನ ಎರಡು ಕಣ್ಣು ಬಿಟ್ಟು ಬೇರೇನೂ ಅವರಿಗೂ ಕಂಡಿರಲಿಲ್ಲ.

“ಮೊದ್ಲೇ ಹೇಳ್ಬಾರ್ದೇನ್ರಿ! ಕೂಡ್ರಿ, ಕೂಡ್ರಿ” ಎಂದು ಅದೇ ಕೈಯಿಂದ ತಮ್ಮ ಕುರ್ಚಿಯಲ್ಲೇ ಕೂರಿಸಿದರು. ನನ್ನ ದೋಸೆ ಬಂದಾಗ, ನನ್ನ ಬೆರಳು ಹಿಡಿದು ಚಟ್ನಿಗೆ ಅದ್ದಿ, “ಇಲ್ಲೈತೆ ನೋಡ್ರಿ” ಎಂದು ಹೇಳಿ ಹೋದರು.

ನನ್ನನ್ನು ಹೊಡೆಯಲು ಬಂದವರ ಮುಖ ನನಗೆ ಇವತ್ತಿಗೂ ಗೊತ್ತಿಲ್ಲ. ಹಾಗಾಗಿ ಆ ಹೋಟೆಲಿರುವ ಎಂ.ಸಿ.ಸಿ. ಬಡಾವಣೆಯಲ್ಲಿ ಯಾರು ಗುರಾಯಿಸಿದರೂ ಅವರೇ ಇರಬಹುದೆಂದು ನಗುತ್ತೇನೆ. ಮೊನ್ನೆ ಒಬ್ಬರು ಸ್ಕೂಟರ್ ನಿಲ್ಲಿಸಿ ಕೇಳಿದರು: “ಏನ್ರಿ, ನನ್ನ ನೋಡಿ ನಗ್ತೀರಲ್ಲ, ಯಾಕ?”