ನಲ್ಲಿಯ ಬಳಿ ನಾನು ಕಂಡ ಯೇಸು

2019ರ ಫೆಬ್ರವರಿ ತಿಂಗಳು. ತಿ. ನರಸೀಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಸಣ್ಣ ಅಂಗಡಿ ನನ್ನದು. ಹುಟ್ಟು ಕ್ರೈಸ್ತ. ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಆದರೂ ಯೇಸು ಎಂದರೆ ನನಗೆ ಬಾಯಿಪಾಠವಾದ ಒಂದಷ್ಟು ವಾಕ್ಯಗಳು, ಅಷ್ಟೆ. ನಮ್ಮ ಮನೆಯ ಗೋಡೆಯ ಮೇಲೆ ತಾತನ ಫೋಟೋ ಪಕ್ಕದಲ್ಲಿ ಆತನ ಚಿತ್ರವಿತ್ತು. ನಿಜ ಹೇಳಬೇಕೆಂದರೆ ಇಬ್ಬರನ್ನೂ ನಾನು ಒಂದೇ ಥರ ಗೌರವಿಸುತ್ತಿದ್ದೆ.

ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ಫೋನ್ ಬಂತು. ತಾಂಡವಪುರದ ಕಡೆ ಶಾಲೆಯಲ್ಲಿ ಟೀಚರಾಗಿದ್ದ ನನ್ನ ತಂಗಿ ಶೀಲಾಳ ಸ್ಕೂಟರಿಗೆ ಗೂಡ್ಸ್ ಆಟೋ ಗುದ್ದಿತ್ತು. ಏಪ್ರಿಲ್‌ನಲ್ಲಿ ಅವಳ ಮದುವೆ ನಿಶ್ಚಯವಾಗಿತ್ತು. ನಾನು, ಅಮ್ಮ, ಪಕ್ಕದ ಅಂಗಡಿಯ ಪುಟ್ಟಸ್ವಾಮಿ ನಂಜನಗೂಡಿನ ಆಸ್ಪತ್ರೆ ತಲುಪುವಷ್ಟರಲ್ಲಿ ಅವಳನ್ನು ಆಪರೇಷನ್‌ಗೆ ಕರೆದೊಯ್ದಿದ್ದರು. ಡಾಕ್ಟರು, "ಮೊಣಕಾಲಿನ ಕೆಳಗೆ ಮೂಳೆ ಪುಡಿಯಾಗಿದೆ. ಕಾಲು ಉಳಿಸೋಕೆ ನೋಡ್ತೀವಿ. ಭರವಸೆ ಕೊಡೋಕಾಗಲ್ಲ" ಎಂದರು. ಅಮ್ಮ ಬೆಂಚಿನ ಮೇಲೆ ಕುಸಿದು ಕೂತಳು.

ತಂಗಿಯನ್ನು ಆಸ್ಪತ್ರೆಗೆ ತಂದವನು ಗುದ್ದಿದ ಡ್ರೈವರೇ ಎಂದು ನರ್ಸ್ ಹೇಳಿದರು. ಹೆಮ್ಮರಗಾಲದ ಮಹದೇವ. ಟೊಮೆಟೊ ಕ್ರೇಟುಗಳನ್ನೆಲ್ಲ ರಸ್ತೆಬದಿಗೆ ಇಳಿಸಿ, ಅದೇ ಆಟೋದಲ್ಲಿ ಮಲಗಿಸಿಕೊಂಡು ಬಂದಿದ್ದನಂತೆ. ಆ ಮಾತು ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಕಿಟಕಿಯಿಂದ ನೋಡಿದೆ. ಆಸ್ಪತ್ರೆಯ ಹಿಂಭಾಗದಲ್ಲಿ, ನಲ್ಲಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದ. ಅವನ ಶರಟಿನ ತುಂಬ ನನ್ನ ತಂಗಿಯ ರಕ್ತ.

"ಲೇ ಜಾನಿ, ಪೊಲೀಸ್ನೋರು ಬತ್ತಾವ್ರೆ" ಎಂದ ಪುಟ್ಟಸ್ವಾಮಿ. "ಗುದ್ಬುಟ್ಟು ಓಡೋಯ್ತಿದ್ದ, ಜನ ಅಡ್ಡ ಆಕಿ ಇಡ್ಕಂಡ್ರು ಅಂತ ಕಂಪ್ಲೇಂಟ್ ಬರ್ದುಬುಡು. ಆಗ್ಲೇ ಕೇಸು ಗಟ್ಟಿ ಆಗದು."

ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಹಾಗೇ ಬರೆದು, ಸಹಿ ಹಾಕಿ, ಜೇಬಿಗಿಟ್ಟೆ.

ತಲೆಯೆತ್ತಿದರೆ ಬೆಂಚಿನ ಮೇಲೆ ಅಮ್ಮ ಇರಲಿಲ್ಲ. ಹಿಂದಿನ ಬಾಗಿಲಿನಿಂದ ನಲ್ಲಿಯ ಕಡೆಗೆ ಹೋಗುತ್ತಿದ್ದಳು. ನಮ್ಮಮ್ಮ ಸಾರಮ್ಮನ ಬಾಯಿ ಇಡೀ ಬೀದಿಗೆ ಗೊತ್ತು. ನೀರು ಬಿಡುವವನಿಂದ ಹಿಡಿದು ಚರ್ಚಿನ ಸಭೆಯ ಹಿರಿಯರವರೆಗೆ ಯಾರನ್ನೂ ಬಿಟ್ಟವಳಲ್ಲ. ನಾನು ಹಿಂದೆಯೇ ಹೋದೆ. ತಡೆಯಬೇಕು ಅಂತಲ್ಲ. ಅವನು ಬೈಸಿಕೊಳ್ಳುವುದನ್ನು ನೋಡಬೇಕು ಅಂತ.

ಮಹದೇವ ಎದ್ದು ಕೈಮುಗಿದ. "ನಾಯಿ ಅಡ್ಡ ಬಂತು ಕಣವ್ವಾ. ಇಂಗೆ ತಿರುಗುಸ್ದೆ, ಅಕ್ಕಾರು ಪಕ್ಕದಲ್ಲಿದ್ದದ್ದು ಕಾಣ್ನಿಲ್ಲ. ಒಡೀರಿ, ಏನಾರ ಮಾಡಿ." ಮುಗಿದ ಕೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಒಡೆದ ಗಾಜು ಅಂಗೈಯನ್ನು ಸೀಳಿತ್ತು. ಯಾರಿಗೂ ತೋರಿಸದೆ ಮೂರು ಗಂಟೆ ಅಲ್ಲೇ ಕೂತಿದ್ದ.

ಅಮ್ಮ ಬಾಯಿ ತೆರೆದಳು. "ಬೆಳಗಿಂದ ಏನಾರ ತಿಂದ್ಯೇನಪ್ಪಾ?" ಎಂದಳು.

ಅವನು ಮಗುವಿನ ಹಾಗೆ ಅತ್ತುಬಿಟ್ಟ. ಅಮ್ಮ ನಲ್ಲಿ ತಿರುಗಿಸಿ, ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ತೊಳೆದಳು. ಸೆರಗಿನಿಂದ ಒರೆಸಿದಳು.

"ಯಾಕೋ, ಓಡೋಗ್ನಿಲ್ವಾ ನೀನು?"

"ಎಲ್ಗೋಗ್ಲವ್ವಾ? ಅಕ್ಕಾರು ಕಣ್ ಬುಡೋಗಂಟ ಓಗಕ್ಕೆ ಮನಸ್ ಬರ್ನಿಲ್ಲ."

ಅಮ್ಮ ನನ್ನತ್ತ ತಿರುಗಿದಳು. "ನಿಂತ್ಕಂಡು ಏನ್ ನೋಡ್ತಿದ್ದೀಯೋ? ಕರ್ಕಂಡೋಗಿ ಕೈಗೆ ಒಲಿಗೆ ಆಕ್ಸು."

ಅವನ ಭುಜ ಹಿಡಿದು ನಡೆಸಿಕೊಂಡು ಹೋದೆ. ಜೇಬಿನಲ್ಲಿದ್ದ ಕಾಗದ ಎದೆಗೆ ಒತ್ತುತ್ತಿತ್ತು. ಪೊಲೀಸರು ಬಂದಾಗ ಬೇರೆ ಹಾಳೆ ಕೇಳಿ ಪಡೆದು, ನಡೆದದ್ದನ್ನಷ್ಟೇ ಬರೆದುಕೊಟ್ಟೆ. "ನಿಂಗೇನಾಯ್ತ್ಲಾ?" ಎಂದ ಪುಟ್ಟಸ್ವಾಮಿ. ಏನಾಯಿತೆಂದು ನನಗೂ ಗೊತ್ತಿರಲಿಲ್ಲ.

ಶೀಲಾಳ ಕಾಲು ಉಳಿಯಿತು. ಒಳಗೆ ರಾಡ್ ಇದೆ, ಸ್ವಲ್ಪ ಎಳೆದು ನಡೆಯುತ್ತಾಳೆ. ಮಹದೇವ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ, ಶಿಕ್ಷೆ ಸಣ್ಣದರಲ್ಲೇ ಮುಗಿಯಿತು. ತಂಗಿಯ ಮದುವೆ ಡಿಸೆಂಬರಿಗೆ ಹೋಯಿತು. ಅವತ್ತು ಅವನು ಹೆಂಡತಿಯೊಂದಿಗೆ ಬಂದು ಚರ್ಚಿನ ಹೊರಗೇ ನಿಂತಿದ್ದ. ಹಣೆಯಲ್ಲಿ ವಿಭೂತಿ ಇದೆಯಲ್ಲ, ಒಳಗೆ ಬರಬಹುದೋ ಇಲ್ಲವೋ ಎಂಬ ಅಳುಕು. ಅಮ್ಮ ಹೋಗಿ ಇಬ್ಬರನ್ನೂ ಕರೆತಂದು ನಮ್ಮ ಮನೆಯವರ ಬೆಂಚಿನಲ್ಲೇ ಕೂರಿಸಿದಳು.

ಆ ಸಂಜೆ ನೆಂಟರೆಲ್ಲ ಹೋದ ಮೇಲೆ ಕೇಳಿದೆ. "ಅವತ್ತು ಅವನನ್ನ ಕ್ಷಮಿಸೋಕೆ ನಿನ್ನ ಕೈಲಿ ಹೆಂಗಾಯ್ತಮ್ಮಾ?"

ಮುಡಿಯಿಂದ ಮಲ್ಲಿಗೆ ಬಿಚ್ಚುತ್ತಿದ್ದ ಅಮ್ಮ ನನ್ನನ್ನೇ ನೋಡಿದಳು.

"ಕ್ಷಮಿಸಕ್ಕೆ ಯಾರ್ ಓಗಿದ್ರು? ಒಡಿಯಕ್ಕೆ ಓಗಿದ್ದೆ ಕಣೋ. ನಿನ್ ಮನೆ ಆಳಾಗೋಗ ಅಂತ ಏಳಕ್ಕೇ ಬಾಯ್ ತೆಗ್ದೆ. ತಿಂದ್ಯೇನಪ್ಪಾ ಅಂತ ಬಂತು. ಅದು ನನ್ ಮಾತಲ್ಲ ಕಣೋ. ನನ್ ಬಾಯಿ ನಿಂಗೊತ್ತಿಲ್ವಾ?"

ನಲವತ್ತು ವರ್ಷ ಯೇಸುವಿನ ಬಗ್ಗೆ ಹಾಡಿದ್ದೆ. ಆ ದಿನ ಆತ ನನ್ನಿಂದ ಮೂರು ಹೆಜ್ಜೆ ದೂರದಲ್ಲಿ, ಕೋಪಿಷ್ಠಳಾದ ನಮ್ಮಮ್ಮನ ಬಾಯಿಂದಲೇ, ಹಸಿದವನೊಬ್ಬನ ಊಟ ವಿಚಾರಿಸಿದ್ದ.

ಈಗ ಭಾನುವಾರ ಕೀಬೋರ್ಡಿನ ಮುಂದೆ ಕೂತಾಗ ಕೆಲವೊಮ್ಮೆ ಬೆರಳುಗಳು ನಿಂತುಬಿಡುತ್ತವೆ. ಹಾಡು ಮರೆತಿದ್ದಕ್ಕಲ್ಲ. ಯಾರನ್ನು ಕುರಿತು ಹಾಡುತ್ತೇವೋ ಆತ ಪಕ್ಕದಲ್ಲೇ ನಿಂತಿದ್ದಾನೆ ಎನ್ನಿಸುತ್ತದೆ.