ಶೇಖಮ್ಮನ ಫ್ಲೆಕ್ಸ್

ಕೆಂಭಾವಿಯ ಕುರಿ ಕಾಯುವ ಅಯ್ಯಣ್ಣನ ಮಗ ಹಣಮೇಶ ಬಿ.ಕಾಂ. ಪಾಸಾಗಿ, ಶಹಾಪುರದ ಹೊರಗಿನ ಒಂದು ಹತ್ತಿ ಮಿಲ್ಲಿನಲ್ಲಿ ಸೂಪರ್‌ವೈಸರ್ ಆದ. ಆ ಮನೆತನದಲ್ಲಿ ಸಂಬಳದ ಕುರ್ಚಿ ಮೇಲೆ ಕೂತವನು ಇವನೇ ಮೊದಲು. ಕೂತವನು ತೆಪ್ಪಗೆ ಕೂಡಬೇಕಿತ್ತು. ಹೊಸ ಕುರ್ಚಿ ಯಾರನ್ನು ತೆಪ್ಪಗೆ ಕೂಡಲು ಬಿಡುತ್ತದೆ?

ಅವನ ಕೈಕೆಳಗೆ ಇಪ್ಪತ್ತಾರು ಹೆಣ್ಣಾಳುಗಳು. ಹತ್ತಿ ಯಂತ್ರಕ್ಕೆ ಹೋಗುವ ಮೊದಲು ಅದರೊಳಗಿನ ಒಣ ಎಲೆ, ಕಡ್ಡಿ, ಗೊಬ್ಬರ ಚೀಲದ ಪ್ಲಾಸ್ಟಿಕ್ ಎಳೆ ಆರಿಸಿ ತೆಗೆಯುವುದು ಅವರ ಕೆಲಸ. ಸಂಜೆ ಒಬ್ಬೊಬ್ಬರು ಸ್ವಚ್ಛ ಮಾಡಿದ ಹತ್ತಿಯ ರಾಶಿಯನ್ನು ತೂಗುತ್ತಾರೆ. ದೀಪಾವಳಿ ಮುಗಿದು ಹತ್ತಿ ಲಾರಿಗಳು ಗೇಟಿನಾಚೆ ಸಾಲುಗಟ್ಟಿದಾಗ ಮಿಲ್ಲಿನ ಸಾವಕಾರರು ಅವನನ್ನು ಕರೆದರು.

“ಏನ್ರಿ ಹಣಮೇಶ, ಕೆಲಸಾ ಮುಂದ ಸರಿವಲ್ದಲ್ಲ. ಏನರೆ ಮಾಡ್ರಿ.”

ಅವನು ಆಳುಗಳ ಹತ್ತಿರ ಹೋಗಿ ಏನು ತೊಂದರೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೊಬೈಲ್ ತೆಗೆದು ವಿಡಿಯೊ ನೋಡಿದ. ಅದರಲ್ಲಿ ಕೋಟು ಹಾಕಿದವನೊಬ್ಬ, ಹಿಂದೆ ಬಿದ್ದವರ ಹೆಸರನ್ನು ನಾಲ್ಕು ಜನ ನೋಡುವ ಕಡೆ ಹಾಕಿದರೆ ಎಲ್ಲರ ಕೈಯೂ ಚುರುಕಾಗುತ್ತದೆ ಎಂದು ಹೇಳುತ್ತಿದ್ದ. ಹಣಮೇಶನಿಗೆ ಅದು ಬಹಳ ಹಿಡಿಸಿತು. ಬರೀ ಹೆಸರು ಯಾಕೆ, ಫೋಟೋನೇ ಹಾಕಿದರಾಯಿತು ಎಂದುಕೊಂಡ. ಆ ವಾರ ತೂಕ ಕಡಿಮೆ ಬಂದ ಮೂವರದೂ ಒಂದೊಂದು ಫ್ಲೆಕ್ಸ್ ಮಾಡಿಸಿ ಗೇಟಿಗೆ ಕಟ್ಟಿಸಿದ. ಮೇಲೆ ದಪ್ಪ ಅಕ್ಷರದಲ್ಲಿ ‘ಈ ವಾರ ಎಲ್ಲರಿಗಿಂತ ಹಿಂದೆ. ಇವರಂತಾಗಬೇಡಿ.’ ಅದರ ಕೆಳಗೆ ಮುಖ, ಮುಖದ ಕೆಳಗೆ ಹೆಸರು.

ಸೋಮವಾರ ಬೆಳಿಗ್ಗೆ ಭಾಗ್ಯ ಎಂಬ ಹುಡುಗಿ ಅದನ್ನು ಓದಿ, ಸೆರಗು ಬಾಯಿಗೆ ಒತ್ತಿಕೊಂಡು ಗೇಟಿನಿಂದಲೇ ತಿರುಗಿ ಹೋದಳು. ಮತ್ತೆ ಬರಲಿಲ್ಲ. ಮದೀನಾಬೀ ಒಳಗೆ ಬಂದಳು, ಆದರೆ ದಿನವಿಡೀ ನೀರು ಕುಡಿಯಲಿಕ್ಕೂ ಎದ್ದೇಳಲಿಲ್ಲ. ಉಳಿದವರ ಮಾತು ನಿಂತು ಕೈಗಳು ಓಡತೊಡಗಿದವು. ಸಂಜೆ ತೂಕ ಏರಿತ್ತು. ಸಾವಕಾರರು ಬೆನ್ನು ಚಪ್ಪರಿಸಿದರು. ಹಣಮೇಶ ಉಬ್ಬಿಹೋಗಿ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದ.

ಅಯ್ಯಣ್ಣ ಕೊನೆಯವರೆಗೆ ಕೇಳಿದ. “ನಮ್ಮ ಹಿಂಡಿನಾಗ ಹಿಂದ ಬೀಳಾದು ಕುಂಟೋ ಕುರಿನೋ, ಗಬ್ಬದ ಕುರಿನೋ ಇರ್ತದ. ನಾ ಅದರ ಸಂಗಾಟ ನಡೀತೀನಿ. ನಿಂದೇನೋ ನನಗ ತಿಳೀಲಿಲ್ಲಪಾ” ಎಂದು ಫೋನ್ ಇಟ್ಟ. ಮುದುಕರಿಗೆ ಮಿಲ್ಲಿನ ವ್ಯವಹಾರ ಏನು ಗೊತ್ತು ಎಂದು ಮಗ ಕೈಬಿಟ್ಟ.

ಮೂರನೆಯವಳು ಶೇಖಮ್ಮ. ಅರವತ್ತರ ಹತ್ತಿರದ ಹೆಂಗಸು, ಮಿಲ್ಲಿಗೆ ಬಂದು ಹನ್ನೆರಡು ವರ್ಷ. ಕೂದಲಿನಷ್ಟು ಸಣ್ಣ ಪ್ಲಾಸ್ಟಿಕ್ ಎಳೆಯನ್ನೂ ಅವಳು ಬಿಡುತ್ತಿರಲಿಲ್ಲ, ಅದಕ್ಕೇ ಅವಳ ರಾಶಿ ಸಣ್ಣದು. ಇದು ಹಣಮೇಶನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದ್ದ. ಅವನಿಗೆ ಗೊತ್ತಿಲ್ಲದ ಸಂಗತಿ ಎಂದರೆ ಶೇಖಮ್ಮನಿಗೆ ಓದಲು ಬಾರದು ಎಂಬುದು.

ಈ ಕಡೆ ಫ್ಲೆಕ್ಸಿನಲ್ಲಿ ಯಾರ ಮುಖ ಬರುತ್ತದೆ? ಹುಟ್ಟುಹಬ್ಬದ ಲೀಡರದು, ಜಯಂತಿಗೆ ಶುಭ ಕೋರುವ ಓಣಿಯ ಹುಡುಗರದು. ಕೂಲಿ ಹೆಂಗಸಿನ ಮುಖ ಎಂದಾದರೂ ಬಂದಿದೆಯೇ? ಶೇಖಮ್ಮ ಗೇಟಿನ ಮುಂದೆ ಬಹಳ ಹೊತ್ತು ನಿಂತಳು. ಮರುದಿನ ಕಾಗದದ ಪೊಟ್ಟಣದಲ್ಲಿ ಸಕ್ಕರೆ, ಒಣಕೊಬ್ಬರಿ ತಂದು ಎಲ್ಲರಿಗೂ ಹಂಚಿದಳು. ಮೊದಲ ಚಿಟಿಕೆ ಹಣಮೇಶನ ಅಂಗೈಗೆ.

“ನನ್ನಂಥಾಕಿ ಮಾರಿ ಗೇಟಿಗೆ ಹಾಕೀರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ ಯಪ್ಪಾ.”

ಅವನು ಸಕ್ಕರೆ ಬಾಯಿಗೆ ಹಾಕಿಕೊಂಡ. ಉಗುಳುವಂತಿರಲಿಲ್ಲ, ನುಂಗಲೂ ಆಗಲಿಲ್ಲ. ಅವಳು ಅತ್ತ ಹೋದ ಮೇಲೆ, ಪಕ್ಕದಲ್ಲಿ ಹತ್ತಿ ಆರಿಸುತ್ತಿದ್ದ ರೇಣಮ್ಮ ತಲೆ ಎತ್ತದೆ ಹೇಳಿದಳು: “ನಾವಂತೂ ಆಕಿಗಿ ಹೇಳಂಗಿಲ್ರಿ. ಹಾಕಿದವರು ನೀವು, ಹೇಳವರೂ ನೀವ.”

ಹೇಳಲು ಅವನಿಗೆ ಧೈರ್ಯವಾಗಲಿಲ್ಲ. ಶನಿವಾರದವರೆಗೆ ಅವಳ ಕಣ್ಣು ತಪ್ಪಿಸಿಕೊಂಡು ಓಡಾಡಿ, ಕೊನೆಗೆ ಮೂರೂ ಫ್ಲೆಕ್ಸ್ ಬಿಚ್ಚಿಸಿದ. ಆಗ ಶೇಖಮ್ಮ ಬಂದು, “ನಂದು ನನಗ ಕೊಡ್ರಿ, ಮನ್ಯಾಗ ಹಾಕ್ತೀನಿ” ಅಂದಳು. ಸುಟ್ಟು ಹಾಕಬೇಕಾದುದನ್ನು ಈ ಹೇಡಿ ಸುರುಳಿ ಸುತ್ತಿ ಕೊಟ್ಟ. ಅವಳ ಮಗಳು ಸಂಘಮಿತ್ರಾ ಅಂಗನವಾಡಿ ಟೀಚರ್ ಎಂಬುದು ನೆನಪಾದದ್ದು ಶೇಖಮ್ಮ ಬಸ್ ಹತ್ತಿದ ಮೇಲೆ.

ಭಾನುವಾರ ಬೆಳಿಗ್ಗೆ ಶೇಖಮ್ಮನ ಊರಿಗೆ ಹೋದ. ಎಲ್ಲವನ್ನೂ ಹೇಳಿ, ಕಾಲು ಹಿಡಿದು ಬಂದುಬಿಡಬೇಕೆಂದು ಗಟ್ಟಿ ಮಾಡಿಕೊಂಡಿದ್ದ. ಬಾಗಿಲಲ್ಲಿ ಸಂಘಮಿತ್ರಾ ನಿಂತಿದ್ದಳು.

“ಯಾಕ ಬಂದೀರಿ ಅಂತ ಗೊತ್ತದರಿ” ಅಂದಳು, ಒಳಗೆ ಕೇಳಿಸದ ಹಾಗೆ.

“ತಪ್ಪಾಗ್ಯಾದ್ರಿ ಟೀಚರ್. ನಿಮ್ಮ ಅವ್ವಗ ಖರೇ ಹೇಳಿ ಹೋಗ್ತೀನಿ.”

“ಹೇಳಿದ್ರ ನಿಮ್ಮ ಎದಿ ಹಗುರಾಗ್ತದ. ನಾಳಿ ನಮ್ಮವ್ವ ಯಾವ ಮಾರಿ ಹೊತ್ಕೊಂಡು ಮಿಲ್ಲಿಗಿ ಬರಬೇಕ್ರಿ? ಹೇಳಬ್ಯಾಡ್ರಿ. ಅದು ನಿಮ್ಮ ಹತ್ರಾನ ಇರ್ಲಿ.”

ಅಷ್ಟರಲ್ಲಿ ಒಳಗಿನಿಂದ ಶೇಖಮ್ಮ “ಯಾರು ಬಂದಾರ? ಸರ್ ಏನ್ರಿ? ಬರ್ರಿ, ಬರ್ರಿ” ಎಂದು ಸಂಭ್ರಮದಿಂದ ಕೂಗಿ, ಮನೆಯಲ್ಲಿದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಹಾಕಿದಳು. ಕೂತರೆ ಎದುರಿಗೇ ಗೋಡೆ. ಬುದ್ಧ, ಬಾಬಾಸಾಹೇಬರ ಫೋಟೋಗಳ ಪಕ್ಕದಲ್ಲಿ ಶೇಖಮ್ಮನ ಫ್ಲೆಕ್ಸ್. ಮೇಲಿನ ಅಕ್ಷರಗಳನ್ನು ಮಗಳು ಹಿಂದಕ್ಕೆ ಮಡಚಿ ಮೊಳೆ ಹೊಡೆದಿದ್ದಳು. ಮುಖ ಮತ್ತು ಹೆಸರು ಮಾತ್ರ ಉಳಿದಿದ್ದವು.

ಚಹಾ ಕೈಗಿಟ್ಟು ಶೇಖಮ್ಮ ಎದುರು ಕೂತಳು. “ಅದರಾಗ ಏನ ಬರಸೀರಿ, ನೀವ ಒಮ್ಮಿ ಓದಿ ಹೇಳ್ರಿ. ಈಕಿಗಿ ಕೇಳಿದ್ರ ನಿನ್ನಿ ಒಂದು ಹೇಳ್ತಾಳ, ಇವತ್ತೊಂದು ಹೇಳ್ತಾಳ.”

ಹಣಮೇಶ ಮಗಳ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಗೋಡೆಯ ಕಡೆ ತಿರುಗಿದ.

“ಶೇಖಮ್ಮ. ಹನ್ನೆರಡ ವರ್ಷದಿಂದ ನಮ್ಮ ಮಿಲ್ಲಿನಾಗ ದುಡಿಯಾಕತ್ತಾರ. ಇವರು ಆರಿಸಿದ ಹತ್ತ್ಯಾಗ ಒಂದ ಎಳಿ ಕಸಾ ಇರಂಗಿಲ್ಲ. ಇವರಂಗ ಕೆಲಸಾ ಮಾಡವರು ಮತ್ತೊಬ್ಬರಿಲ್ಲ.”

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಇದನ್ನೇ ಬರೆಸಿದ್ದರೆ ಆಗುತ್ತಿತ್ತಲ್ಲ ಎಂದು ನೆನೆದು ನಾಚಿಕೆಯಿಂದ ಹಿಡಿಯಾದ.

ಶೇಖಮ್ಮ ಗೋಡೆಯನ್ನೇ ನೋಡಿದಳು. ಆಮೇಲೆ ಮುಖದ ಕೆಳಗಿನ ಅಕ್ಷರಗಳಿಗೆ ಬೆರಳು ಮಾಡಿ ಎಣಿಸಿದಳು, ಒಂದು, ಎರಡು, ಮೂರು.

“ಮೂರ ಅಕ್ಷರದಾಗ ಇಷ್ಟೆಲ್ಲಾ ಬರದೀರೇನ್ರಿ?”

ಹಣಮೇಶ ತಲೆ ಎತ್ತಲಿಲ್ಲ. ಸಂಘಮಿತ್ರಾಳೂ ಎತ್ತಲಿಲ್ಲ. ಶೇಖಮ್ಮ ಇಬ್ಬರನ್ನೂ ಒಂದು ಗಳಿಗೆ ನೋಡಿ, “ಚಾ ಆರಾಕತ್ತದ, ಕುಡೀರಿ” ಅಂದಳು.