ಗಾಡಿಗೆ ಹೇರಲಾಗದ ಸಾಮಾನು

ಗಾಡಿ ಅಜ್ಜಿಯ ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಉಗುರುಗಳ ಸಂದಿಯಲ್ಲಿ ಕೀಲೆಣ್ಣೆಯ ಕಪ್ಪು. ವಿಭೂತಿಯನ್ನು ದಿನಾ ತೊಳೆದು ಹೊಸದಾಗಿ ಹಚ್ಚಿಕೊಳ್ಳುತ್ತಿದ್ದರು. ಆ ಕಪ್ಪು ಮಾತ್ರ ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಗಾಡಿಯ ಅಚ್ಚಿಗೆ ಎಣ್ಣೆ ಬಿಡುವ ಕೆಲಸವನ್ನು ಅವರು ಯಾವ ಆಳಿಗೂ ಕೊಟ್ಟವರಲ್ಲ. "ಗಾಡಿ ಕಿರ್ರ್ ಅಂದ್ರೆ ಎತ್ತಿಗೆ ಸಿಟ್ಟು ಬತ್ತದೆ ಕಣ್ಲಾ. ದಾರಿಯುದ್ಕೂ ನಿನ್ ಕಿವೀಲಿ ಯಾರಾದ್ರೂ ಕಿರ್ರ್ ಅಂತಿದ್ರೆ ನೀನು ಸುಮ್ಕಿರ್ತೀಯಾ?" ಎನ್ನುತ್ತಿದ್ದರು.

ಗಂಡ ತೀರಿಕೊಂಡಾಗ ಬಿಟ್ಟುಹೋದದ್ದು ಎರಡು ಗಾಡಿ. ನಾನು ಮಧುಗಿರಿಗೆ ಬರುವ ಹೊತ್ತಿಗೆ ಐದಾಗಿದ್ದವು. ಸಂತೆ ಮೈದಾನದ ಹಿಂದೆ ಹುಣಸೆಮರಗಳ ಕೆಳಗೆ ಮುಂದಿನ ಮೂಕಿಮರ ನೆಲಕ್ಕೂರಿಕೊಂಡು ನಿಂತಿರುತ್ತಿದ್ದವು. ಕಡಲೆಕಾಯಿ, ಹುಣಸೆಹಣ್ಣು, ಶಿರಾದ ಕಂಬಳಿ, ಏನು ಸಿಕ್ಕಿದರೂ ಹೊಡೆಯುತ್ತಿದ್ದರು. ಆದರೆ ಅವರಿಗೆ ಹೆಸರು ಬಂದದ್ದು ಸಂಸಾರ ಹೊಡೆಯುವುದರಲ್ಲಿ. ಅಮಲ್ದಾರರ ಕಚೇರಿಯವರಿಗೋ ಸ್ಕೂಲ್ ಮೇಷ್ಟರಿಗೋ ವರ್ಗವಾಯಿತೆಂದರೆ, ಶಿರಾಕ್ಕಾಗಲಿ ಕೊರಟಗೆರೆಗಾಗಲಿ ಪಾವಗಡಕ್ಕಾಗಲಿ, ಮನೆ ಸಾಮಾನು ಸಾಗಿಸಲು ಮೊದಲು ಕರೆಯುತ್ತಿದ್ದದ್ದು ಅಜ್ಜಿಯನ್ನು. ಕಾರಣ ಇಷ್ಟೇ: ಬೇರೆ ಗಾಡಿಯವರು ಬೀದಿಯಲ್ಲಿ ನಿಂತು ಸಾಮಾನು ಹೇರಿಕೊಂಡು ಹೋಗುತ್ತಿದ್ದರು. ಅಜ್ಜಿ ಹೆಂಗಸಾದ್ದರಿಂದ ನೇರವಾಗಿ ಅಡಿಗೆಮನೆಗೆ ಹೋಗುತ್ತಿದ್ದರು.

ಅಲ್ಲಿ ಹೋಗಿ ಅವರು ಕೇಳುತ್ತಿದ್ದ ಮೊದಲ ಮಾತನ್ನು ಕೇಳಿ ಹೊಸಬರು ತಬ್ಬಿಬ್ಬಾಗುತ್ತಿದ್ದರು. ಏನೇನು ಹೇರಬೇಕು ಎಂದಲ್ಲ. "ಗಾಡಿಗೆ ಹೇರಕ್ಕಾಗ್ದೇ ಇರೋದೇನೈತೆ, ಅದ್ನ ಮೊದ್ಲು ತೋರ್ಸಮ್ಮ."

ಈ ಪದ್ಧತಿ ಶುರುವಾದದ್ದಕ್ಕೆ ಒಬ್ಬ ಮೇಷ್ಟರು ಕಾರಣರಂತೆ. ಮೂರು ರೂಪಾಯಿ ಬಡ್ತಿಯೊಂದಿಗೆ ಅವರಿಗೆ ಶಿರಾಕ್ಕೆ ವರ್ಗವಾಯಿತು. ಅಜ್ಜಿಯ ಗಾಡಿಯಲ್ಲೇ ಸಂಸಾರ ಹೋಯಿತು. ಅಲ್ಲಿ ಕೈಗಾಗುವವರು ಯಾರೂ ಇಲ್ಲದೆ ಆರು ತಿಂಗಳಲ್ಲಿ ಅದೇ ಗಾಡಿಯಲ್ಲಿ ಹೆಂಡತಿ ಮಕ್ಕಳು ತವರಿಗೆ ವಾಪಸು ಬಂದರು. ಮೇಷ್ಟರು ಅಲ್ಲೊಂದು ಒಲೆ ಇಲ್ಲೊಂದು ಒಲೆ ಉರಿಸುತ್ತ ಬಡ್ತಿಯನ್ನೆಲ್ಲ ಸೌದೆಗೇ ಹಾಕಿದರು. "ನಂಗೆ ಎಲ್ಡು ಸಲ ಬಾಡ್ಗೆ ಬಂತು. ಬರಬಾರ್ದಿತ್ತು" ಎಂದು ಅಜ್ಜಿ ಇದನ್ನು ಹೇಳುವಾಗ ತಾವೇ ತಪ್ಪು ಮಾಡಿದವರಂತೆ ನೆಲ ನೋಡುತ್ತಿದ್ದರು.

ನನ್ನ ವಿಷಯ ಹೇಳಿಬಿಡುತ್ತೇನೆ. ಕೊರಟಗೆರೆ ಕಡೆಯ ಹಳ್ಳಿಯಿಂದ ಬರಿಗೈಲಿ ಬಂದವನು ನಾನು. ಮಂಡಿಯಲ್ಲಿ ಗೋಣಿಚೀಲದ ಬಾಯಿ ಹೊಲಿಯುವುದರಿಂದ ಶುರುಮಾಡಿ ಆರು ವರ್ಷದಲ್ಲಿ ಗುಮಾಸ್ತನಾಗಿದ್ದೆ, ತಿಂಗಳಿಗೆ ಹದಿನಾಲ್ಕು ರೂಪಾಯಿ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಬೀದಿಯಲ್ಲಿ ಇರಲಿಲ್ಲ. ಇದ್ದರೆ ಅಜ್ಜಿ ಒಬ್ಬರೇ. ಒಮ್ಮೆ ಕಡಲೆಕಾಯಿ ಚೀಲ ಸಾಗಿಸುವುದಕ್ಕೆ ಅವರ ಬಾಡಿಗೆಯಲ್ಲಿ ಎರಡಾಣೆ ಇಳಿಸಿದೆ. ಅಜ್ಜಿ ಮರುಮಾತಾಡದೆ ಒಪ್ಪಿಕೊಂಡರು. ಗಾಡಿ ಬಂತು, ಹೇರುವ ಆಳುಗಳು ಬರಲಿಲ್ಲ.

"ಆಳೆಲ್ಲಜ್ಜಿ?"

"ಎಲ್ಡಾಣೆ ಆಳೇ ಕಣ್ಲಾ. ಇಳ್ಸ್‌ದೋನು ನೀನಲ್ವಾ, ಈಗ ಏರ್ಸು."

ಇಪ್ಪತ್ತು ಚೀಲ ನಾನೇ ಹೊತ್ತೆ. ಬೆನ್ನು ಒಂದು ವಾರ ನೆಟ್ಟಗಾಗಲಿಲ್ಲ. ಆದರೆ ಆವತ್ತಿನಿಂದ ಅವರಿಗೆ ನಾನೆಂದರೆ ಒಂದು ಥರ ಇಷ್ಟ. ದಾರಿಯಲ್ಲಿ ಕಂಡರೆ "ಲೇ ಎಲ್ಡಾಣೆ, ಉಂಡೇನ್ಲಾ?" ಎನ್ನುತ್ತಿದ್ದರು.

ಆ ವರ್ಷ ಪಾವಗಡದ ಒಬ್ಬ ಸಾಹುಕಾರರು ಕಡಲೆಕಾಯಿ ಮಂಡಿ ತೆರೆಯುವವರಿದ್ದರು. ನನ್ನ ಕೆಲಸ ನೋಡಿದ್ದವರು. ಹದಿನೆಂಟು ರೂಪಾಯಿ ಕೊಡುತ್ತೇನೆ, ಬಾ ಎಂದರು. ನಾನು ಬಿಡುತ್ತೇನೆಯೇ? ಎರಡು ಸಂತೆ ಕಾಲ ಜಗ್ಗಾಡಿದೆ. ಕೊನೆಗೆ ಅವರು ಕೈಮುಗಿದು, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಇರವೈ ನಾಲುಗು! ಇಂಕ ನೋರು ತೆರೀಬೇಡಪ್ಪಾ, ನಿನಗೊಂದು ನಮಸ್ಕಾರ" ಎಂದರು. ಇಪ್ಪತ್ತನಾಲ್ಕು, ಇನ್ನು ಬಾಯಿ ತೆರೆಯಬಾರದು. ದೀಪಾವಳಿ ಮುಗಿದು ಹೊಸ ಕಾಯಿ ಬೀಳುವ ಮುಂಚೆ ಬಂದು ಸೇರಬೇಕೆಂಬುದೊಂದೇ ಷರತ್ತು. ನಾನು ನೆಲದ ಮೇಲೆ ನಡೆಯಲಿಲ್ಲ. ಹೆಂಡತಿಗೆ ಆಗ ಏಳು ತಿಂಗಳು. ಸುದ್ದಿ ಹೇಳಿದಾಗ ಅವಳು "ಹೂಂ" ಎಂದಳು. ಅಷ್ಟನ್ನೇ ಒಪ್ಪಿಗೆ ಎಂದುಕೊಂಡು ನೇರವಾಗಿ ಹುಣಸೆಮರದ ಹತ್ತಿರ ಹೋದೆ.

ಅಜ್ಜಿ ಮಾರನೆಯ ದಿನ ಬೆಳಿಗ್ಗೆ ಬಂದರು. ಕೈಯಲ್ಲೊಂದು ತುಂಡು ಹಗ್ಗ. ಓದು ಬರಹ ಇಲ್ಲದ ಅವರಿಗೆ ಗಂಟುಗಳೇ ಅಕ್ಷರ. ಹಿತ್ತಲಿಗೆ ಹೋಗಿ ಬಾವಿಗೆ ಬಗ್ಗಿ ನೋಡಿ, ಒಂದು ಬೊಗಸೆ ನೀರು ಕುಡಿದರು. "ಸಿಹಿ ನೀರು. ಬಾವಿ ಗಾಡಿ ಮ್ಯಾಲೆ ಕೂರಾಕಿಲ್ಲ" ಎಂದು ಒಂದು ಗಂಟು ಹಾಕಿದರು. ಎಮ್ಮೆ ನಮ್ಮದೂ ಪಕ್ಕದ ಮನೆಯವರದೂ ಪಾಲು: ಅವರು ಮೇಯಿಸುವುದು, ಹಾಲು ಅರ್ಧರ್ಧ. ಅದಕ್ಕೊಂದು ಗಂಟು. ಹೆಂಡತಿ ಬೆಟ್ಟದಂಚಿನ ಮುತ್ತುಗದ ಎಲೆ ತಂದು ಊಟದೆಲೆ ಹಚ್ಚಿ ಹೋಟೆಲಿಗೆ ಕೊಡುತ್ತಿದ್ದಳು. ಆ ದುಡ್ಡು ನನ್ನ ಕಣ್ಣಿಗೆ ಬೀಳುವ ಮೊದಲೇ ಉಪ್ಪು ಸೀಮೆಎಣ್ಣೆಯಾಗಿ ಮನೆಗೆ ಬರುತ್ತಿತ್ತು. ನಮ್ಮತ್ತೆ ಸಂತೆಗೆ ಬಂದಾಗಲೆಲ್ಲ ತರುತ್ತಿದ್ದ ರಾಗಿ. ಮನೆ ಯಜಮಾನರ ಅರ್ಜಿ ಬರೆದುಕೊಡುತ್ತಿದ್ದೆನೆಂದು ಬಾಡಿಗೆಯಲ್ಲಿ ಸಿಗುತ್ತಿದ್ದ ರಿಯಾಯಿತಿ. ಗಂಟಿನ ಮೇಲೆ ಗಂಟು.

ನನಗೆ ಒಳಗೊಳಗೇ ಉರಿಯತೊಡಗಿತು. ಯಾಕೆಂದರೆ ಅವರು ಒಂದೊಂದು ಗಂಟು ಹಾಕಿದಾಗಲೂ ನಾನು ಗೆದ್ದು ತಂದ ಹತ್ತು ರೂಪಾಯಿಯಲ್ಲಿ ಒಂದೊಂದು ಜಾರುತ್ತಿತ್ತು.

ಆಮೇಲೆ ಅಜ್ಜಿ ಅಡಿಗೆಮನೆಗೆ ಹೋಗಿ ಕದ ಹಾಕಿಕೊಂಡರು. ನಾನು ಜಗುಲಿಯಲ್ಲಿ ಕಾದೆ. ಬಹಳ ಹೊತ್ತಾಯಿತು. ಹೊರಗೆ ಬಂದು ಹಗ್ಗದ ತುದಿಯಲ್ಲಿ ದೊಡ್ಡದೊಂದು ಗಂಟು ಬಿಗಿದರು.

"ಇದ್ಯಾವುದಜ್ಜಿ?"

"ಇದು ನಿನ್ ಪಕ್ಕದ್ಮನೇವ್ಳು."

ಪಕ್ಕದ ಮನೆಯಾಕೆ ಎಮ್ಮೆ ಮೇಯಿಸುವುದರ ಜೊತೆಗೆ ಬೀದಿಯ ಹೆರಿಗೆಗಳನ್ನೂ ಮಾಡಿಸುತ್ತಿದ್ದವರು. ಎರಡು ವರ್ಷದ ಹಿಂದೆ ನಮ್ಮ ಮೊದಲನೆಯ ಕೂಸು ಹುಟ್ಟಿದ ದಿನವೇ ಹೋಗಿತ್ತು. ನಾನು ಆಗ ಮಂಡಿಯ ಕೆಲಸದ ಮೇಲೆ ಶಿರಾದಲ್ಲಿದ್ದೆ. ಮೂರು ದಿನ ಬಿಟ್ಟು ಬಂದಾಗ ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕೂಸು ಉಳಿಯಲಿಲ್ಲ ಎಂದರು. ನಾನು ಅಷ್ಟೇ ತಿಳಿದುಕೊಂಡೆ.

"ಅವತ್ತು ಆ ಯಮ್ಮ ರಾತ್ರಿಯೆಲ್ಲ ಕೂತು ರಗ್ತ ನಿಲ್ಲಿಸ್ದೇ ಹೋಗಿದ್ರೆ ನಿನ್ನೆಂಡ್ತೀನೂ ಹೋಗ್ಬುಡೋಳು. ನಿಂಗೆ ಗೊತ್ತಾ?"

ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೆ ಸೋಲೊಪ್ಪುವ ಸ್ವಭಾವ ನನ್ನದಲ್ಲ. "ಪಾವಗಡದಲ್ಲಿ ಹೆರಿಗೆ ಮಾಡ್ಸೋರು ಇಲ್ವಾ ಅಜ್ಜಿ?" ಎಂದೆ.

"ಅವ್ರೆ, ಇಲ್ದೇ ಏನು. ಯಾರು, ಯಾವ್ ಬೀದೀಲವ್ರೆ, ನೀನೋಗಿ ಕದ ಬಡದ್ರೆ ನಿನ್ನ ಮಖ ಯಾರಿಗ್ ಗೊತ್ತು? ಹೇಳ್ಲಾ ಎಲ್ಡಾಣೆ, ಹೇಳು ನೋಡಾನ."

ಅಜ್ಜಿ ಹಗ್ಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹೆರಿಗೆ ಆಗಿ ಮೂರು ತಿಂಗ್ಳು ಆಗೋಗಂಟ ನನ್ ಗಾಡಿ ಇಲ್ಲ."

"ಬೇರೆ ಗಾಡಿ ಇದಾವೆ" ಎಂದೆ, ಗಡುಸಾಗಿ. ಇದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ. ಮೋಟಾರು ಬಸ್ಸು ಬಂದು ಅವರ ಗಿರಾಕಿಗಳನ್ನೆಲ್ಲ ಎತ್ತಿಕೊಂಡು ಹೋಗುತ್ತಿದ್ದ ದಿನಗಳವು. ಪಾವಗಡದವರೆಗಿನ ಎರಡು ದಿನದ ಬಾಡಿಗೆ ಅವರಿಗೂ ಬೇಕಾಗಿತ್ತು.

"ಇದಾವೆ. ಕರ್ಕೋ" ಎಂದು ಹೊರಟುಹೋದರು.

ಬೇರೆ ಗಾಡಿಯವನೊಬ್ಬನನ್ನು ಗೊತ್ತುಮಾಡಿಕೊಂಡು ಬಂದೆ, ಎಂಟಾಣೆ ಕಡಿಮೆಗೇ. ಹೆಂಡತಿಗೆ ಹೇಳಿದೆ. ಅವಳು ಎಲೆ ಹಚ್ಚುತ್ತಿದ್ದವಳು ಕಡ್ಡಿ ಕೆಳಗಿಟ್ಟಳು. ಮದುವೆಯಾಗಿ ಐದು ವರ್ಷದಲ್ಲಿ ಅವಳು ನನಗೆ ಎದುರು ಹೇಳಿದವಳಲ್ಲ.

"ಅಜ್ಜಿ ಗಾಡಿ ಬಂದ್ರೆ ಬತ್ತೀನಿ. ಇಲ್ದಿದ್ರೆ ನೀವೊಬ್ರೇ ಹೋಗಿ."

"ಕೆಲಸ ಕೈ ತಪ್ಪುತ್ತೆ ಕಣೇ!"

"ತಪ್ಪಲಿ. ನಂಗೆ ಭಯ ಆಯ್ತದೆ."

ಭಯದ ಆ ಮಾತನ್ನು ಅವಳು ಮೊದಲೇ ಅಡಿಗೆಮನೆಯಲ್ಲಿ ಅಜ್ಜಿಗೆ ಹೇಳಿದ್ದಳು. ನನಗೆ ಹೇಳಲು ಜಾಗ ನಾನು ಕೊಟ್ಟಿರಲಿಲ್ಲ.

ಒಬ್ಬನೇ ಹೋದೆ. ಅತ್ತೆ ಬಂದು ಮನೆಯಲ್ಲಿ ನಿಂತರು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿ ವಿಚಿತ್ರ: ನಮ್ಮ ಮಹಾರಾಜರ ಸೀಮೆ ಮುಗಿದು ನಡುವೆ ಒಂದಷ್ಟು ದೂರ ಬ್ರಿಟಿಷರ ಸೀಮೆ, ಮತ್ತೆ ಮಹಾರಾಜರ ಸೀಮೆ. ಅಲ್ಲಿ ಸೇರಿದ ಮೊದಲ ವಾರವೇ ನೀರಿನ ಬೆಲೆ ಗೊತ್ತಾಯಿತು. ನಾನು ಇಳಿದಿದ್ದ ಬೀದಿಯ ಬಾವಿ ಉಪ್ಪು. ಕುಡಿಯುವ ನೀರು ಊರಾಚೆಯಿಂದ ಕೊಡದ ಲೆಕ್ಕದಲ್ಲಿ ಬರುತ್ತಿತ್ತು. ಸೌದೆಗೆ ಮಧುಗಿರಿಯ ಒಂದೂವರೆ ಪಟ್ಟು. ತಿಂಗಳ ಕೊನೆಗೆ ಸಾಹುಕಾರರ ಮುಂದೆ ಕೂತು ಎರಡನೆಯ ಸಲ ಚೌಕಾಸಿ ಮಾಡಿದೆ. ಈ ಸಲ ಸಂಬಳ ಕೇಳಲಿಲ್ಲ. ಇಪ್ಪತ್ತೊಂದೇ ಕೊಡಿ, ಆದರೆ ಮಂಡಿಯ ಅಂಗಳದ ಮನೆ ಬೇಕು, ಮಂಡಿಗೆ ಬರುವ ನೀರಿನ ಬಂಡಿಯಲ್ಲಿ ನನಗೆ ದಿನಾ ನಾಲ್ಕು ಕೊಡ ಬೇಕು, ಒಂದು ಎಮ್ಮೆಗಾಗುವಷ್ಟು ಕಡಲೆಕಾಯಿ ಸೊಪ್ಪು ಬೇಕು ಎಂದೆ. ಸಾಹುಕಾರರು ಅನುಮಾನದಿಂದ ನನ್ನನ್ನೇ ನೋಡಿ, "ಜೀತಂ ತಗ್ಗಿಸಿಕೊಳ್ಳೋನ್ನ ಇವತ್ತೇ ನೋಡ್ತಾ ಇರೋದು. ಒಳ್ಳು ಬಾಗಿದೆಯಾ?" ಎಂದು, ಸಂಬಳ ತಾನೇ ಇಳಿಸಿಕೊಂಡವನ ಮೈ ಸರಿಯಿದೆಯೇ ಎಂದು ವಿಚಾರಿಸಿದರು. ಒಪ್ಪಿದರು. ಈಗಿನ ಹುಡುಗರು ನನ್ನ ಹತ್ತಿರ ಬುದ್ಧಿ ಕೇಳಲು ಬಂದಾಗ ಹೇಳುವುದು ಇದನ್ನೇ: ಸಂಬಳ ಕೇಳುವ ಮುಂಚೆ ನೀರು ಕೇಳಿ, ನೀರು ಕೇಳುವ ಮುಂಚೆ ನಿಮ್ಮ ಮನೆಯ ಹೆಂಗಸನ್ನು ಕೇಳಿ. ಬಹಳ ಜನ ಮೊದಲರ್ಧ ಮಾತ್ರ ಕೇಳಿಸಿಕೊಂಡು ಹೋಗುತ್ತಾರೆ.

ಸಂಕ್ರಾಂತಿ ಹತ್ತಿರವಾದಾಗ ಒಂದು ಮಧ್ಯಾಹ್ನ ಮಧುಗಿರಿಯಿಂದ ಬಂದ ಅಜ್ಜಿಯ ಗಾಡಿಯವನು ಮಂಡಿ ಬಾಗಿಲಲ್ಲಿ ನಿಂತು ಕೂಗಿದ: "ಗುಮಾಸ್ತರೇ, ಹೆಣ್ಣು ಕೂಸು! ತಾಯಿ ಉಳಕಂಡ್ರು!"

ಚೆನ್ನಾಗಿದ್ದಾರೆ ಎನ್ನಲಿಲ್ಲ, ಉಳಿದುಕೊಂಡರು ಎಂದ. ಕೂಸು ಕಾಲು ಮುಂದಾಗಿ ಬಂದಿತ್ತಂತೆ. ಪಕ್ಕದ ಮನೆಯಾಕೆ ಎರಡು ದಿನ ಹೊಸಲು ದಾಟಿರಲಿಲ್ಲವಂತೆ. ನಾನು ತಕ್ಕಡಿಯ ಪಕ್ಕದಲ್ಲಿ ಕಡಲೆಕಾಯಿ ರಾಶಿಯ ಮೇಲೆಯೇ ಕೂತುಬಿಟ್ಟೆ. ಇಪ್ಪತ್ತನಾಲ್ಕು ರೂಪಾಯಿಯ ಜಂಬದಲ್ಲಿ ನಾನು ಅವಳನ್ನು ಆ ಉಪ್ಪು ಬಾವಿಯ ಬೀದಿಯಲ್ಲಿ ತಂದು ಇಳಿಸಿದ್ದಿದ್ದರೆ, ಆ ಎರಡು ದಿನ ಯಾರ ಕದ ಬಡಿಯುತ್ತಿದ್ದೆ?

ಮೂರು ತಿಂಗಳು ತುಂಬಿದ ವಾರವೇ ಗಾಡಿ ಬಂತು. ಅಜ್ಜಿ ತಾವೇ ಮುಂದೆ ಕೂತು ಹೊಡೆದುಕೊಂಡು ಬಂದಿದ್ದರು. ಹೆಂಡತಿ ಇಳಿದಳು, ಕೂಸು ಇಳಿಯಿತು, ಅದರ ಹಿಂದೆ ಒಂದು ಗಂಟುಮೂಟೆ ಹಿಡಿದುಕೊಂಡು ಪಕ್ಕದ ಮನೆಯಾಕೆಯೂ ಇಳಿದರು.

"ಹದಿನೈದು ದಿನ ಇರ್ತಾಳೆ" ಎಂದರು ಅಜ್ಜಿ. "ಈ ಬೀದಿ ಹೆಂಗಸ್ರನ್ನೆಲ್ಲ ಮಾತಾಡ್ಸಿ, ನಿನ್ನೆಂಡ್ತೀಗೆ ಗುರ್ತು ಮಾಡ್ಸಿಕೊಟ್ಟು ಬತ್ತಾಳೆ. ಗಂಡಸು ಬಂದು ಐದು ತಿಂಗಳಾಯ್ತು, ಒಂದು ಮನೆ ಹೆಂಗಸಿನ ಹೆಸ್ರು ಕಲ್ತಿಲ್ಲ."

ಅವರು ಹೇಳಿದ ಬಾಡಿಗೆಯನ್ನು ನಾನು ಎರಡು ಮಾತಾಡದೆ ಎತ್ತಿ ಕೊಟ್ಟೆ. ಅಜ್ಜಿಯ ಮುಖ ಗಂಟಿಕ್ಕಿತು. "ಯಾಕ್ಲಾ, ಜ್ವರವಾ? ಚೌಕಾಸಿ ಮಾಡ್ಲಾ! ನೀನು ಇಳ್ಸ್‌ತೀಯ ಅಂತ ಎಂಟಾಣೆ ಜಾಸ್ತಿ ಹೇಳಿವ್ನಿ" ಎಂದು ಎಂಟಾಣೆಯನ್ನು ಕೂಸಿನ ಅಂಗೈಗೆ ಒತ್ತಿ, ಎತ್ತುಗಳಿಗೆ ನೀರು ಕುಡಿಸಲು ಹೋದರು.

ಆಮೇಲೆ ಅವರನ್ನು ಹೆಚ್ಚು ಸಲ ಕಾಣಲಿಲ್ಲ. ಪಾವಗಡದಲ್ಲಿ ನನಗೇ ಒಂದು ಸಣ್ಣ ಮಂಡಿಯಾಯಿತು. ಮಧುಗಿರಿಯಲ್ಲಿ ಬಸ್ಸುಗಳು ಹೆಚ್ಚಾದವು, ಅಜ್ಜಿಯ ಗಾಡಿಗಳು ಐದಿದ್ದದ್ದು ಮೂರು, ಆಮೇಲೆ ಒಂದಾದವು ಎಂದು ಬಂದವರು ಹೇಳುತ್ತಿದ್ದರು. ಹೀಗೆ ವರ್ಷಗಳಾದ ಮೇಲೆ ಒಂದು ಸಂತೆಯ ದಿನ, ಅಜ್ಜಿ ತೀರಿಕೊಂಡು ಎಂಟು ದಿನವಾಯಿತೆಂಬ ಸುದ್ದಿ ಬಂತು. ಅಂಗಡಿ ಮುಚ್ಚಿ ನಾನು, ಹೆಂಡತಿ, ಮಗಳು ಮೂವರೂ ಹೊರಟೆವು.

ಮಧುಗಿರಿಯಾಚೆ ಅವರ ತುಂಡು ಹೊಲದಲ್ಲಿ ಸಮಾಧಿ ಮಾಡಿದ್ದರು. ಮಣ್ಣಿನ್ನೂ ಹಸಿಯಾಗಿತ್ತು, ಮೇಲಿದ್ದ ಬಿಲ್ವದ ಎಲೆ ಒಣಗಿತ್ತು. ಕೊಡಬೇಕಾದದ್ದನ್ನು ಕೊಟ್ಟು ಬರುವವನಂತೆ ನಾನು ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಅಲ್ಲಿ ನಿಂತಾಗ ಅದನ್ನೆಲ್ಲ ಬಿಟ್ಟು, ಬಾಗಿ ಒಣಗಿದ ಎಲೆಗಳನ್ನು ಆರಿಸತೊಡಗಿದೆ. ಹೆಂಡತಿಯೇ ಮಗಳ ಎರಡು ಭುಜ ಹಿಡಿದು ಮುಂದಕ್ಕೆ ನಿಲ್ಲಿಸಿದಳು.

"ಅಜ್ಜೀ, ನೋಡು. ನೀನು ಗಾಡಿ ಕೊಡ್ಲಿಲ್ವಲ್ಲ, ಆ ಕೂಸು ಇದು."